ಗಾಡಿಮನೆಲಿ ಒಂಬತ್ತು ಇರುಳು

ಅಮೇರಿಕಕ್ಕೆ ಹೋಗಿ ಬಂದ ಮತ್ತೆ ಜೆಂಬ್ರಲ್ಲಿ ಸಿಕ್ಕಿದೋರೆಲ್ಲ ಕೇಳುದು ಒಂದೇ, “ನಯಾಗರ ನೋಡಿದೆಯಾ?” ನೋಡಿದ್ದಿಲ್ಲೆ. ಮಗಳು-ಅಳಿಯ ಇಪ್ಪದು ಆ ದೇಶದ ಪಡು ಹೊಡೆಲಿ, ಒರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ರೆ. ನಯಾಗರ ಇಪ್ಪದು ಮೂಡ ಹೊಡೆಲಿ. ಕಾಶ್ಮೀರಂದ ಕನ್ಯಾಕುಮಾರಿಗೆ ಇಪ್ಪದರಿಂದಲೂ ಹೆಚ್ಚು ದೂರ. “ಅಂಬಗ ಅಲ್ಲಿ ಎಂತ ನೋಡಿದ್ದು?” ಕೇಳಿರೆ ಆನು ಹೇಳುದು, ಗಾಡಿಮನೆಲಿ ಒಂಬತ್ತು ಇರುಳು ಒರಗಿದ್ದೆ, ಅದರಲ್ಲೇ ಅಡಿಗೆ ಮಾಡಿದ್ದೆ, ಕಡಲಕರೆಲಿ ಕೂದೊಂಡು ಹಪ್ಪಳ ಸುಟ್ಟಿದೆ ಹೇಳಿ. ಕೆಲವು ಜೆನ ನೆಗೆ ಮಾಡ್ತವು. ಕೆಲವು ಜೆನ, ಪಾಪ, ಲಾಡ್ಜಿಂಗೆ ಪೈಸೆ ಇತ್ತಿಲ್ಲೆ ಕಾಣ್ತು ಹೇಳುವ ಹಾಂಗೆ ಮೋರೆ ನೋಡ್ತವು. ಹಾಂಗಾಗಿ ಒಂದರಿ ಸರಿಯಾಗಿ ಬರದು ಮಡುಗುತ್ತೆ. ಮಕ್ಕಳ ಮನೆಗೆ ಹೆರಟ ಅಕ್ಕ-ತಂಗೆಕ್ಕೊಗೆ ಉಪಕಾರವೂ ಅಕ್ಕು.

ಇದು 2019ರ ಸೆಪ್ಟೆಂಬರಿನ ಶುದ್ದಿ. ಅಲ್ಲಿ ಆ ಗಾಡಿಗೆ ಕ್ಯಾಂಪರ್ ಟ್ರೈಲರ್ ಹೇಳ್ತವು. ಅದಕ್ಕೆ ಎಂಜಿನು ಇಲ್ಲೆ. ಕಾರಿನ ಹಿಂದೆ ಸಿಕ್ಕುಸಿ ಎಳಕ್ಕೊಂಡು ಹೋಪದು. ಅಳಿಯ ಅದರ ನಾಲ್ಕು ವರ್ಷ ಮದಲು ಸೆಕೆಂಡ್‌ಹ್ಯಾಂಡಿಲಿ ತೆಕ್ಕೊಂಡದಡ. ಉದ್ದ ಹದಿನೆಂಟು ಅಡಿ, ಅಗಲ ಏಳು ಅಡಿ. ಎಂಗಳ ಮನೆಯ ಜೆಗಿಲಿಯೇ ಅದರಿಂದ ದೊಡ್ಡ ಇದ್ದು. ಅಷ್ಟರ ಒಳ ಒಂದು ಹೊಡೆಲಿ ಇಬ್ರು ಒರಗುವ ಮಂಚ, ಇನ್ನೊಂದು ಹೊಡೆಲಿ ರೈಲಿನ ಬರ್ತಿನ ಹಾಂಗೆ ಮೇಲೆ-ಕೆಳ ಎರಡು ಹಾಸಿಗೆ, ಮಧ್ಯಲ್ಲಿ ಉಂಬ ಮೇಜು. ಇರುಳು ಆ ಮೇಜಿನ ತಗ್ಗಿಸಿ ಮೇಲಂದ ಮೆತ್ತೆ ಹಾಕಿರೆ ಅದುದೇ ಒಂದು ಮಂಚ. ಎರಡು ಒಲೆಯ ಗ್ಯಾಸು, ಸಣ್ಣ ಫ್ರಿಜ್ಜು, ಒಂದು ಸಿಂಕು. ಒಲೆಂದ ಎರಡು ಹೆಜ್ಜೆ ಮಡುಗಿರೆ ಪಾಯಿಖಾನೆಯ ಬಾಗಿಲು. ಎಂಗೊ ಐದು ಜೆನ: ಆನು, ಇವು, ಮಗಳು, ಅಳಿಯ, ಮತ್ತೆ ಆರು ವರ್ಷದ ಪುಳ್ಳಿ.

ಎಂಗೊ ಗೆಂಡ-ಹೆಂಡತ್ತಿ ಒಟ್ಟಿಂಗೆ ಮನೆ ಬಿಟ್ಟು ಒರಗಿದವಲ್ಲ ಹೇಳಿ ನಿಂಗೊಗೆಲ್ಲ ಗೊಂತಿದ್ದು. ಹಟ್ಟಿಲಿ ದನ, ತೋಟಲ್ಲಿ ಅಡಕ್ಕೆ, ಒಳ ಅತ್ತೆ. ಅತ್ತೆ ಹಾಸಿಗೆ ಹಿಡುದು ಎಂಟು ವರ್ಷ ಇತ್ತಿದ್ದವು. ಹತ್ರಾಣ ಮನೆಯ ಮದುವೆ ಆದರೂ ಇವು ಧಾರೆಗೆ ಹೋಕು, ಇವು ಬಂದ ಮತ್ತೆ ಆನು ಊಟಕ್ಕೆ ಹೋಪದು. ಅತ್ತೆ ತೀರಿಹೋಗಿ ವರ್ಷಾಂತ ಕಳುದ ಮತ್ತೆ, ದನಂಗಳ ತಮ್ಮನ ಮನೆಗೆ ಕಳುಸಿಕ್ಕಿ ಎಂಗೊ ವಿಮಾನ ಹತ್ತಿದ್ದು. ಅಲ್ಲಿ ಮುಟ್ಟಿದ ಎರಡನೇ ವಾರಲ್ಲೇ ಮಗಳು ಹೇಳಿತ್ತು, “ಅಮ್ಮ, ಕಡಲಕರೆಗೆ ಹೋಪ. ಮಾರ್ಚಿಲಿಯೇ ಜಾಗೆ ಬುಕ್ ಮಾಡಿ ಮಡುಗಿದ್ದೆ.”

ಮಾರ್ಚಿಲಿ ಮಾಡಿದ್ದೆಂತಕೆ ಹೇಳಿರೆ, ಒರೆಗನಿನ ಸರಕಾರಿ ಪಾರ್ಕುಗಳಲ್ಲಿ ಎಷ್ಟೋ ತಿಂಗಳು ಮದಲೇ ಬುಕ್ ಮಾಡ್ಲೆ ಬಿಡ್ತವು. ಸೆಕೆಗಾಲದ ಒಳ್ಳೊಳ್ಳೆ ಜಾಗೆಗೊ ಬೇಗ ಮುಗಿತ್ತಡ. ಕ್ಯಾಂಪ್‌ಗ್ರೌಂಡ್ ಹೇಳಿರೆ ಗಾಡಿಮನೆ, ಡೇರೆ ತಂದೋರಿಂಗೆ ಇಪ್ಪಲೆ ಹೇಳಿಯೇ ಮಾಡಿದ ಕಾಡುಜಾಗೆ. ಒಂದೊಂದು ಕುಟುಂಬಕ್ಕೆ ನಂಬ್ರ ಹಾಕಿದ ಒಂದೊಂದು ಜಾಲು. ಆ ಜಾಲಿಲಿ ಗಾಡಿ ನಿಲ್ಲುಲೆ ಡಾಮರು ಹಾಕಿದ ನೆಲ, ಮರದ ಮೇಜು-ಬೆಂಚು, ಕಿಚ್ಚು ಹಾಕುಲೆ ಕಬ್ಬಿಣದ ಬಳೆ, ಕರೆಂಟಿನ ಕಂಬ, ನೀರಿನ ನಳ್ಳಿ. ಎಂಗೊಗೆ ಸಿಕ್ಕಿದ್ದು ಮೂರು ಕಡೆ: ಬಡಗಿಲಿ ಫೋರ್ಟ್ ಸ್ಟೀವನ್ಸ್, ಅಲ್ಲಿ ಮೂರು ಇರುಳು. ಮತ್ತೆ ಬೆವರ್ಲಿ ಬೀಚ್, ಎರಡು ಇರುಳು. ಕಡೇಂಗೆ ಫ್ಲಾರೆನ್ಸ್ ಪೇಟೆಯ ಹತ್ರೆ ಜೆಸ್ಸಿ ಹನಿಮನ್ ಪಾರ್ಕು, ನಾಲ್ಕು ಇರುಳು. ಮಾರ್ಗದ ಕರೆಯ ಮರಂಗಳ, ಚೆಂದವ ಒಳುಶೆಕ್ಕು ಹೇಳಿ ಕೆಲಸ ಮಾಡಿದ ಒಂದು ಹೆಮ್ಮಕ್ಕಳ ಹೆಸರು ಆ ಪಾರ್ಕಿಂಗೆ ಮಡುಗಿದ್ದವು. ಎನಗೆ ಅದು ಕೊಶಿ ಆತು.

ಸುರುವಾಣ ದಿನ ಫೋರ್ಟ್ ಸ್ಟೀವನ್ಸಿಂಗೆ ಎತ್ತುವಗ ಹೊತ್ತೋಪಗ ಐದು ಗಂಟೆ. ಗಾಡಿಯ ಹಿಂದೆ-ಹಿಂದೆ ದೂಡಿ ಜಾಲಿಂಗೆ ಹೊಗುಸೆಕ್ಕು. ಇದು ಹೇಳುವಷ್ಟು ಸುಲಾಬ ಅಲ್ಲ. ಸ್ಟೇರಿಂಗ್ ಬಲತ್ತಿಂಗೆ ತಿರುಗಿಸಿರೆ ಹಿಂದಾಣ ಗಾಡಿ ಎಡತ್ತಿಂಗೆ ಹೋವ್ತು. ಅಳಿಯ ಎರಡು ಸರ್ತಿ ಮುಂದೆ-ಹಿಂದೆ ಮಾಡಿದ. ಅಂಬಗ ಎಂಗಳ ಇವು ಇಳುದವು. ಮೂವತ್ತು ವರ್ಷ ಟಿಲ್ಲರಿನ ಟ್ರಾಲಿಲಿ ಗೊಬ್ಬರ ತುಂಬುಸಿ ತೋಟದ ಸಪೂರ ಓಣಿಲಿ ಹಿಂದೆ ತಂದ ಜೆನ. ಹಿಂದೆ ನಿಂದೊಂಡು ಕೈ ಮಾಡಿ ಮಾಡಿ ಹೇಳಿದವು, “ಬಲತ್ತಿಂಗೆ... ಸಾಕು... ಈಗ ನೇರ್ಪ...” ಒಂದೇ ಸರ್ತಿಲಿ ಗಾಡಿ ಕೂದತ್ತು. ಆಚಿಕೆಯಾಣ ಜಾಲಿಲಿ ಕುರ್ಚಿ ಹಾಕಿ ಕೂದ ಒಬ್ಬ ಅಜ್ಜ ಚಪ್ಪಾಳೆ ತಟ್ಟಿದ. ಅಮೇರಿಕಕ್ಕೆ ಬಂದ ಮತ್ತೆ ಇವರ ಮೋರೆಲಿ ಅಷ್ಟು ಕೊಶಿ ಆನು ಕಂಡದು ಅದೇ ಸುರು.

ಗಾಡಿ ನಿಲ್ಲುಸಿದ ಕೂಡ್ಲೇ ಒಳ ಹೋಪಲಾಗ. ನೆಲ ಸಮ ಇದ್ದಾ ಹೇಳಿ ರಸಮಟ್ಟ ಮಡುಗಿ ನೋಡೆಕ್ಕು. ಓರೆ ಇದ್ದರೆ ತಗ್ಗಿನ ಹೊಡೆಯ ಚಕ್ರದ ಅಡಿಂಗೆ ಹಲಗೆ ಕೊಡೆಕ್ಕು. ಇಲ್ಲದ್ರೆ ಫ್ರಿಜ್ಜು ಸರಿ ಕೆಲಸ ಮಾಡ, ಒರಗಿದೋರಿಂಗೆ ತಲೆ ಕೆಳ ಕಾಲು ಮೇಲೆ ಅಕ್ಕು. ಮತ್ತೆ ಚಕ್ರಕ್ಕೆ ಅಡ್ಡ ಕೊಟ್ಟು, ಕಾರಿನ ಬಿಡುಸಿ, ಕರೆಂಟಿನ ವಯರು ಹಾಕಿ, ನೀರಿನ ಪೈಪು ಸಿಕ್ಕುಸುದು. ಕುಡಿವ ನೀರಿಂಗೆ ಬೆಳಿ ಪೈಪು. ಕೊಳೆ ತೊಳವಲೆ ಬೇರೆ ಬಣ್ಣದ ಪೈಪು. ಎರಡನ್ನೂ ಒಂದೇ ಪೆಟ್ಟಿಗೆಲಿ ಮಡುಗುಲೇ ಆಗ ಹೇಳಿ ಪುಳ್ಳಿ ಎನಗೆ ಪಾಠ ಮಾಡಿತ್ತು. ಕುಡಿವ ನೀರಿನ ಕೊಡಪಾನವ ಬೇರೆ ಮಡುಗುವ ಮನೆಲಿ ಹುಟ್ಟಿದ ಎನಗೆ ಆ ಪಾಠ ಹೊಸತ್ತಾಯಿದಿಲ್ಲೆ.

ಹೊಸತ್ತಾದ್ದು ಬೇರೆ ಒಂದು ಲೆಕ್ಕ. ಎಂಗಳ ಊರಿಲಿ ನೀರಿಂಗೆ ಬಂಙ ಹೇಳಿರೆ ಬಾವಿ ಬತ್ತಿದ್ದು ಹೇಳಿ ಅರ್ಥ, ಬಪ್ಪ ನೀರಿಂಗೆ ಬಂಙ. ಗಾಡಿಮನೆಲಿ ಹಾಂಗಲ್ಲ. ನಳ್ಳಿಲಿ ನೀರು ಬೇಕಾದಷ್ಟು ಬತ್ತು. ಆದರೆ ಬಳಸಿದ ನೀರು ಹೋಪದೆಲ್ಲಿಗೆ? ಗಾಡಿಯ ಅಡಿಲಿ ಎರಡು ಟ್ಯಾಂಕು ಇದ್ದು. ಸಿಂಕು, ಮೀವ ನೀರು ಹೋಪದು ಒಂದಕ್ಕೆ, ಅದಕ್ಕೆ ಗ್ರೇ ಹೇಳ್ತವು. ಪಾಯಿಖಾನೆದು ಇನ್ನೊಂದಕ್ಕೆ, ಅದಕ್ಕೆ ಬ್ಲ್ಯಾಕ್ ಹೇಳ್ತವು. ಎಂಗಳ ಗಾಡಿಲಿ ಗ್ರೇ ಟ್ಯಾಂಕು ಹಿಡಿವದು ನೂರು ಲೀಟರಿಂಗೆ ರಜ್ಜ ಹೆಚ್ಚು, ಅಷ್ಟೆ. ನಮ್ಮ ಬಚ್ಚಲಿಲಿ ಒಬ್ಬ ತಲೆಗೆ ಮಿಂದರೆ ಐದಾರು ಬಾಲ್ದಿ ಮುಗಿತ್ತು. ಗೋಡೆಲಿ ಒಂದು ಗುಬ್ಬಿ ಒತ್ತಿರೆ ಕೆಂಪು-ಹಸುರು ದೀಪ ಹೊತ್ತಿ ಟ್ಯಾಂಕು ಎಷ್ಟು ತುಂಬಿತ್ತು ಹೇಳಿ ತೋರುಸುತ್ತು. ತುಂಬಿರೆ ಸಿಂಕಿನ ನೀರು ಇಳಿಯ. ಮಣ್ಣಿಂಗೆ ಚೆಲ್ಲುಲೂ ಇಲ್ಲೆ, ಅದು ಅಲ್ಲಿಯ ನಿಯಮ.

ಆನು ಮನೆಲಿ ಅಕ್ಕಿ ತೊಳದ ಅಕ್ಕಚ್ಚಿನ ದನಕ್ಕೆ ಮಡುಗುದು. ಪಾತ್ರ ತೊಳದ ನೀರು ಬಾಳೆಬುಡಕ್ಕೆ ಹರಿವದು. ನಲುವತ್ತು ವರ್ಷ ಪಾತ್ರ ತೊಳದರೂ ಒಂದು ದಿನ ಎಷ್ಟು ಕೊಳೆನೀರು ಆವ್ತು ಹೇಳಿ ಕಣ್ಣಿಂಗೆ ಕಂಡಿತ್ತಿಲ್ಲೆ. ಇಲ್ಲಿ ದನವೂ ಇಲ್ಲೆ, ಬಾಳೆಯೂ ಇಲ್ಲೆ. ಗೋಡೆಲಿ ದೀಪ ಮಾಂತ್ರ ಇದ್ದು. ಸುರುವಾಣ ದಿನ ಆನು ಅಶನ, ಸಾರು, ಬೀನ್ಸಿನ ತಾಳು ಮಾಡಿ, ಐದು ಬಟ್ಲು ತೊಳದಪ್ಪಗ ಮೂರರಲ್ಲಿ ಒಂದು ಪಾಲು ತುಂಬಿತ್ತು. ಮರದಿನಂದ ಎನ್ನ ಅಟ್ಟುಂಬೊಳದ ಕ್ರಮ ಬದಲಿತ್ತು. ಉಂಡ ಬಟ್ಲಿನ ಮದಾಲು ಕಾಗದಲ್ಲಿ ಉದ್ದುದು. ಅಕ್ಕಿ ತೊಳದ ನೀರಿಲಿ ಸೌಟು, ಚಮಚ ತೊಳವದು. ಒಂದು ತೊಟ್ಟೆಲಿ ಸಾಬೂನು ನೀರು, ಒಂದರಲ್ಲಿ ಒಳ್ಳೆ ನೀರು, ನಳ್ಳಿ ಬಿಟ್ಟು ತೊಳವಲೆ ಇಲ್ಲೆ. ಎಣ್ಣೆಲಿ ಹೊರಿವದು ಬೇಡ, ಒಂದೇ ಪಾತ್ರಲ್ಲಿ ಅಪ್ಪ ಅಡಿಗೆ ಸಾಕು. ಚಿತ್ರಾನ್ನ, ಕಿಚಡಿ, ಅವಲಕ್ಕಿ, ಮಜ್ಜಿಗೆ ತಂಬುಳಿ.

ಉದಿಯಪ್ಪಗಾಣ ಕಾಪಿಗೆ ಎಂತ ಮಾಡುದು ಹೇಳುದು ಒಂದು ತಲೆಬೆಶಿ ಆಗಿತ್ತು. ಕಡಲಕರೆಲಿ ಇರುಳು ಹತ್ತು-ಹನ್ನೆರಡು ಡಿಗ್ರಿ ಚಳಿ, ಉದ್ದಿನ ಹಿಟ್ಟು ಹುಳಿ ಬಾರ. ತೆಳ್ಳವಿಂಗೆ ಹುಳಿ ಬರೆಕ್ಕು ಹೇಳಿ ಇಲ್ಲೆನ್ನೆ! ಇರುಳು ಅಕ್ಕಿ ಬೊದುಳುಲೆ ಹಾಕಿ, ಉದಿಯಪ್ಪಗ ಮಿಕ್ಸಿಲಿ ನೊಂಪು ಕಡದು ಎರದೆ. ಕಾಯಿಸುಳಿಯ ಪೋರ್ಟ್‌ಲ್ಯಾಂಡಿನ ಅಂಗಡಿಂದ ಐಸಿಲಿ ಮಡುಗಿದ್ದರ ತಂದಿತ್ತಿದ್ದೆಯೊ, ಬೆಲ್ಲ ಹಾಕಿ ಬೆಲ್ಲಸುಳಿ ಮಾಡಿದೆ. ಒಂದು ಮಾತು ನೆಂಪು ಮಡಿಕ್ಕೊಳಿ, ಗಾಡಿಯ ಕರೆಂಟಿಂಗೆ ಒಂದು ಮಿತಿ ಇದ್ದು, ಎಂಗಳದ್ದು ಮೂವತ್ತು ಆಂಪಿಂದು. ಚಳಿಯ ಹೀಟರು, ಮೈಕ್ರೋವೇವು ಎರಡೂ ಒಟ್ಟಿಂಗೆ ಹಾಕಿರೆ ಟಪ್ಪ ಹೇಳಿ ಕಸ್ತಲೆ. ತೋಟದ ಪಂಪು ಹಾಕಿದ ಹೊತ್ತಿಂಗೆ ಮಿಕ್ಸಿ ತಿರುಗದ್ದ ಊರಿಲಿ ಬಾಳ್ವೆ ಮಾಡಿದ ಎನಗೆ ಆ ಲೆಕ್ಕವೂ ಬೇಗ ಗೊಂತಾತು.

ಮೀವ ವಿಷಯ ಹೇಳ್ತೆ, ಎಲ್ಲೋರೂ ಅದರನ್ನೇ ಕೇಳುದು. ಕ್ಯಾಂಪ್‌ಗ್ರೌಂಡಿಲಿ ಹೆಮ್ಮಕ್ಕೊಗೆ, ಗೆಂಡುಮಕ್ಕೊಗೆ ಬೇರೆ ಬೇರೆ ಮೀವ ಕಟ್ಟಡ ಇದ್ದು. ಬೆಶಿನೀರು ಬತ್ತು, ಅಲ್ಲಿ ಇಪ್ಪೋರಿಂಗೆ ಪೈಸೆ ಇಲ್ಲೆ, ಮನಾರ ಮಡುಗುತ್ತವು. ಆನು ಐದೂವರೆಗೆ ಎದ್ದು, ಟಾರ್ಚು ಹಿಡ್ಕೊಂಡು, ತೋರ್ತುವ ಹೆಗಲಿಂಗೆ ಹಾಕಿ ಹೆರಡುದು. ದೊಡ್ಡ ದೊಡ್ಡ ಸ್ಪ್ರೂಸ್ ಮರಂಗೊ, ಅಡಿಲಿ ಮಂಜು. ಮಿಂದಿಕ್ಕಿ ಬಂದು ಸಿಂಕಿನ ಕರೆಲಿ ಮಡುಗಿದ ಸಣ್ಣ ದೇವರ ಪಟಕ್ಕೆ ಕೈ ಮುಗುದು ಒಲೆ ಹೊತ್ತುಸುದು. ಗಾಡಿಯ ಪಾಯಿಖಾನೆಯ ವಿಷಯಲ್ಲಿ ಆನು ಸುರುವಿಂಗೇ ಒಂದು ಮಾತು ಹೇಳಿದೆ: ಅಡಿಗೆ ಅಪ್ಪಗ ಆ ಬಾಗಿಲು 
ತೆಗವಲಾಗ. ಇರುಳು ಕೂಸಿಂಗೂ, ಇವಕ್ಕೂ ಮಾಂತ್ರ. ಬಾಕಿ ಎಲ್ಲೋರೂ ಆ ಕಟ್ಟಡಕ್ಕೆ ಹೋಯೆಕ್ಕು. ಮಗಳು ನೆಗೆ ಮಾಡಿತ್ತು, ಆದರೆ ಒಪ್ಪಿತ್ತು. ಟ್ಯಾಂಕು ನಿಧಾನ ತುಂಬುಗು ಹೇಳಿ ಅಳಿಯಂಗೂ ಅದು ಸರಿ ಕಂಡತ್ತು.

ಫೋರ್ಟ್ ಸ್ಟೀವನ್ಸಿಲಿ ಕಡಲಕರೆಯ ಹೊಯ್ಗೆಲಿ ಒಂದು ಹಡಗಿನ ಎಲುಗು ನಿಂದೊಂಡಿದ್ದು. ಪೀಟರ್ ಐರ್‌ಡೇಲ್ ಹೇಳುವ ಹಡಗು, 1906ರಲ್ಲಿ ಅಲ್ಲಿ ಹೊಯ್ಗೆಗೆ ಸಿಕ್ಕಿದ್ದು, ಕಬ್ಬಿಣದ ಪಕ್ಕೆಗೊ ಈಗಲೂ ಇದ್ದವು. ಪುಳ್ಳಿ ಅದರ ಎಡಕ್ಕಿಲಿ ಓಡಿತ್ತು. ಹೊತ್ತು ಮುಳುಗುದು ಕಡಲಿಂಗೇ, ಉಳ್ಳಾಲಲ್ಲಿ ಕಂಡ ಹಾಂಗೆ. ಆದರೆ ನೀರಿಂಗೆ ಕಾಲು ಮಡುಗಿರೆ ಎಲುಗು ಬೇನೆ ಅಪ್ಪಷ್ಟು ಚಳಿ. ಒರೆಗನಿಲಿ 1967ರಲ್ಲಿ ಒಂದು ಕಾನೂನು ಮಾಡಿದ್ದವಡ, ಕಡಲಕರೆಯ ಹೊಯ್ಗೆಲಿ ಎಲ್ಲೋರಿಂಗೂ ನಡವ ಹಕ್ಕು ಇದ್ದು, ಎನ್ನ ಜಾಗೆ ಹೇಳಿ ಆರೂ ಬೇಲಿ ಹಾಕುಲಾಗ ಹೇಳಿ. ಅದರ ಕೇಳಿ ಇವು, “ಕಾನೂನು ಹೇಳಿರೆ ಹೀಂಗಿರೆಕ್ಕು” ಹೇಳಿದವು.

ನಾಲ್ಕನೇ ದಿನ ಅಲ್ಲಿಂದ ಹೆರಡುವಗ ಟ್ಯಾಂಕು ಖಾಲಿ ಮಾಡೆಕ್ಕು. ಅದಕ್ಕೆ ಡಂಪ್ ಸ್ಟೇಷನ್ ಹೇಳಿ ಜಾಗೆ ಇದ್ದು. ನೆಲಲ್ಲಿ ಒಂದು ಒಟ್ಟೆ, ಅದಕ್ಕೆ ಮುಚ್ಚಲು, ಹತ್ರೆ ತೊಳವಲೆ ನಳ್ಳಿ. ಅಳಿಯ ಕೈಗೆ ರಬ್ಬರಿನ ಗ್ಲೌಸು ಹಾಕಿ, ದಪ್ಪದ ಪೈಪಿನ ಗಾಡಿಂದ ಒಟ್ಟೆಗೆ ಸಿಕ್ಕುಸಿದ. ಮದಾಲು ಬ್ಲ್ಯಾಕ್ ಬಿಡುದು, ಮತ್ತೆ ಗ್ರೇ. ಸಾಬೂನಿನ ನೀರು ಕಡೇಂಗೆ ಬಂದರೆ ಪೈಪಿನ ಒಳಾಣದ್ದೆಲ್ಲ ತೊಳದು ಹೋವ್ತು. ಎನಗೆ ಆ ಬುದ್ಧಿ ಮೆಚ್ಚಿತ್ತು. ಅಳಿಯ ದೊಡ್ಡ ಕಂಪೆನಿಲಿ ಎಂಜಿನಿಯರು. ಹಿಂದೆ ಇನ್ನೂ ನಾಲ್ಕು ಗಾಡಿ ಕಾದೊಂಡಿತ್ತು, ಎಲ್ಲರಲ್ಲಿಯೂ ಆ ಗಾಡಿಯ ಯಜಮಾನನೇ ಗ್ಲೌಸು ಹಾಕಿ ಇಳುದ್ದು. ಪೈಸೆ ಕೊಟ್ಟು ಮಾಡ್ಸುವ ಆಳು ಹೇಳಿ ಅಲ್ಲಿ ಒಬ್ಬನೂ ಇತ್ತಿಲ್ಲೆ.

ಎಂಗಳ ಇವು ಆ ಹೊತ್ತಿಂಗೆ ಅಷ್ಟು ದೂರಲ್ಲಿ ಒಂದು ಮರದ ಅಡಿಲಿ ಮೋರೆ ಆಚಿಕೆ ಮಾಡಿ ನಿಂದಿತ್ತಿದ್ದವು. ತಪ್ಪು ಹೇಳ್ತಿಲ್ಲೆ. ನಮ್ಮ ಊರಿಲಿ ಗುಂಡಿ ತುಂಬಿರೆ ಆರನ್ನಾದರೂ ದಿನಿಗೇಳ್ತು, ಅವು ಬಂದು ಮಾಡಿಕ್ಕಿ ಹೋವ್ತವು. ಅವಕ್ಕೆ ಹೆರವೇ ಚಾಯ ಕೊಡ್ತು, ಪೈಸೆ ಕೊಡ್ತು. ಆ ಮನುಷ್ಯನ ಹೆಸರುದೇ ಎಂಗೊಗೆ ಸರಿ ಗೊಂತಿರ್ತಿಲ್ಲೆ. ಆ ಒಟ್ಟೆಯ ಹತ್ರೆ ನಿಂದಪ್ಪಗ ಎನಗೆ ಅದೆಲ್ಲ ನೆಂಪಾತು.

ಬೆವರ್ಲಿ ಬೀಚಿಲಿ ಎರಡು ಇರುಳು ಇಡೀ ಮಳೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಶಬ್ದಕ್ಕೆ ಎನಗೆ ಊರಿನ ಹಾಂಗೆ ಒಳ್ಳೆ ಒರಕ್ಕು. ಒಳವೇ ಐದು ಜೆನ ಕೂದು ಪುಳ್ಳಿಯೊಟ್ಟಿಂಗೆ ಚೆನ್ನೆಮಣೆ ಆಡಿದೆಯೊ. ಹದಿನೆಂಟು ಅಡಿಲಿ ಮಳೆಗೆ ಐದು ಜೆನ ಕೂದರೆ ಒಂದು ಗೊಂತಾವ್ತು: ಆರು ಎದ್ದು ಎಂತ ಮಾಡ್ತವು ಹೇಳುದು ಎಲ್ಲೋರಿಂಗೂ ಕಾಣ್ತು. ಮನೆಲಿ ಆನು ಅಟ್ಟುಂಬೊಳಲ್ಲಿ, ಇವು ಜೆಗಿಲಿಲಿ. ಚಾಯ ಬತ್ತು, ಗ್ಲಾಸು ಹೋವ್ತು. ಎಲ್ಲಿಂದ ಬಂತು, ಎಲ್ಲಿಗೆ ಹೋತು ಹೇಳಿ ಜೆಗಿಲಿಲಿ ಕೂದೋರಿಂಗೆ ಗೊಂತಪ್ಪಲೆ ಇಲ್ಲೆ. ಗಾಡಿಲಿ ಆನು ಚಾಯಕ್ಕೆ ಮಡುಗೆಕ್ಕಾದರೆ ಇವು ಕಾಲು ಮಡಿಚ್ಚೆಕ್ಕು. ಆನು ಪಾತ್ರ ತೊಳೆಯೆಕ್ಕಾದರೆ ಇವು ಎದ್ದು ಮಂಚಲ್ಲಿ ಕೂರೆಕ್ಕು. ಎರಡು ದಿನ ಎದ್ದು-ಕೂದು, ಎದ್ದು-ಕೂದು ಮಾಡಿದವು. ಮೂರನೇ ಸರ್ತಿ “ಏಳುವ ಬದಲು ಆನೇ ತೊಳದರೆ ಆತನ್ನೆ, ಇತ್ತೆ ಕೊಡು” ಹೇಳಿದವು. ತೊಳದವುದೇ. ಸಾಬೂನು ಹೆಚ್ಚಾತು, ಆನು ಎಂತದೂ ಹೇಳಿದ್ದಿಲ್ಲೆ.

ಅಲ್ಲಿಂದ ಹೆರಡುವ ದಿನ ಡಂಪ್ ಸ್ಟೇಷನಿಲಿ ಅಳಿಯಂಗೆ ಆಫೀಸಿನ ಫೋನು ಬಂತು. ಹಿಂದೆ ಗಾಡಿಗೊ ಕಾದೊಂಡಿದ್ದವು. ಮಗಳು ಇಳುದು, ಗ್ಲೌಸು ಹಾಕಿ, ಪೈಪು ತೆಗದು ಸಿಕ್ಕುಸಿತ್ತು. ಅದಕ್ಕೆ ಅದು ಹೊಸ ಕೆಲಸ ಅಲ್ಲ, ಎಷ್ಟೋ ಸರ್ತಿ ಮಾಡಿದ್ದಡ. ಇವು ಮರದ ಅಡಿಂದ ನೋಡಿದವು. ಮೋರೆ ಆಚಿಕೆ ಮಾಡಿದ್ದವಿಲ್ಲೆ. ಮಗಳು ಪೈಪಿನ ತೊಳದು ಮುಚ್ಚಿ ಬಪ್ಪಲ್ಲಿವರೆಗೂ ನೋಡಿದವು. ಕಾರಿಲಿ ಕೂದ ಮತ್ತೆ ಸುಮಾರು ಹೊತ್ತು ಮಾತಿಲ್ಲೆ. ದಾರಿಲಿ ಹೆಸೀಟಾ ಹೆಡ್ ಹೇಳುವ ದೀಪಸ್ತಂಭ ಸಿಕ್ಕಿತ್ತು, 1894ರಲ್ಲಿ ಕಟ್ಟಿದ್ದು, ಗುಡ್ಡೆಯ ತುದಿಲಿ ಕಡಲಿಂಗೆ ಮೋರೆ ಮಾಡಿ ಬೆಳಿ ಬಣ್ಣಲ್ಲಿ ಚೆಂದ ಇದ್ದು. ಎಂಗೊ ಎಲ್ಲ ಪಟ ತೆಗದೆಯೊ. ಇವು ಕಾರಿಂದ ಇಳುದ್ದವಿಲ್ಲೆ.

ಹನಿಮನಿಲಿ ಹೊಯ್ಗೆಯ ಗುಡ್ಡೆಗೊ ಇದ್ದವು. ಬರೇ ಹೊಯ್ಗೆ, ಮನೆಯಷ್ಟು ಎತ್ತರದ್ದು, ಕೆಳ ಕೆರೆ. ಮಕ್ಕೊ ಹಲಗೆ ಮಡುಗಿ ಮೇಲಂದ ಜಾರಿಗೊಂಡು ಬತ್ತವು. ಅಲ್ಲಿ ಕ್ಯಾಂಪ್ ಹೋಸ್ಟ್ ಹೇಳಿ ಒಬ್ಬ ಅಜ್ಜ-ಅಜ್ಜಿ ಇತ್ತಿದ್ದವು, ಎಪ್ಪತ್ತು ಕಳುದೋರು. ಅವು ಸಂಬಳ ತೆಕ್ಕೊಳ್ತವಿಲ್ಲೆ. ಬಂದೋರಿಂಗೆ ದಾರಿ ಹೇಳುದು, ಸೌದಿ ಮಾರುದು, ಕಿಚ್ಚಿನ ಬಳೆಂದ ಬೂದಿ ತೆಗವದು ಅವರ ಕೆಲಸ. ಬದಲಿಂಗೆ ಅವರ ಗಾಡಿಮನೆ ನಿಲ್ಲುಸುಲೆ ಜಾಗೆ ಧರ್ಮಕ್ಕೆ. ಸೌದಿಯ ದೂರಂದ ತಪ್ಪಲಾಗ, ಮರದ ಹುಳು ಒಂದು ಕಾಡಿಂದ ಇನ್ನೊಂದು ಕಾಡಿಂಗೆ ಹೋವ್ತು, ಹೊತ್ತುಸುವ ಊರಿಲಿಯೇ ತೆಕ್ಕೊಳೆಕ್ಕು ಹೇಳಿ ಆ ಅಜ್ಜನೇ ಹೇಳಿದ್ದು.

ಒಂದು ಉದಿಯಪ್ಪಗ ಆನು ಅಜ್ಜಿಗೆ ನಾಲ್ಕು ತೆಳ್ಳವು, ಬೆಲ್ಲಸುಳಿ ಕೊಂಡೋಗಿ ಕೊಟ್ಟೆ. ಅಜ್ಜಿ ಒಳ ಕರಕ್ಕೊಂಡು ಹೋಗಿ ತೋರುಸಿತ್ತು. ಅವು ಇದ್ದ ಮನೆಯ ಮಾರಿಕ್ಕಿ ವರ್ಷ ಇಡೀ ಗಾಡಿಲಿಯೇ ಇಪ್ಪದಡ. ದೊಡ್ಡ ಮನೆಂದ ಅಜ್ಜಿ ತಂದದು ಅದರ ಅಬ್ಬೆ ಹೊಲುದ ಒಂದು ಕೌದಿ, ಒಂದು ಕಬ್ಬಿಣದ ಕಾವಲಿಗೆ. “ಮನೆ ಬೇಕು ಹೇಳಿ ಕಾಣ್ತಿಲ್ಲೆಯಾ?” ಮಗಳ ಹತ್ರೆ ಕೇಳ್ಸಿದೆ. “ಕಾಣ್ತು. ಆದರೆ ಆ ಮನೆಯ ಉಡುಗಿ ಉದ್ದಿಯೇ ಎನ್ನ ನಲುವತ್ತು ವರ್ಷ ಹೋತು” ಹೇಳಿತ್ತು. ಎನಗೆ ಹಾಂಗೆ ಮನೆ ಮಾರುಲೆ ಎಡಿಯ. ದೇವರ ಕೋಣೆಯ ಎಲ್ಲಿ ಮಡುಗುದು, ಅತ್ತೆ-ಮಾವನ ತಿಥಿ ಎಲ್ಲಿ ಮಾಡುದು? ಆದರೆ ಆ ನಲುವತ್ತು ವರ್ಷದ ಲೆಕ್ಕ ಎನಗೆ ಅರ್ಥ ಆಗದ್ದೆ ಇಲ್ಲೆ. ಅದರ ಕಾವಲಿಗೆಲಿ ಆನು ಮತ್ತೆರಡು ತೆಳ್ಳವು ಎರದು ತೋರುಸಿದೆ. ಚೆಂದಕೆ ಎದ್ದು ಬಂತು.

ಇರುಳು ಎಲ್ಲ ಜಾಲಿಲಿಯೂ ಕಿಚ್ಚು ಹಾಕಿ ಕೂರ್ತವು. ಅಲ್ಲಿಯ ಮಕ್ಕೊ ಮಾರ್ಷ್‌ಮ್ಯಾಲೋ ಹೇಳುವ ಬೆಳಿ ಮಿಠಾಯಿಯ ಕೋಲಿಂಗೆ ಕುತ್ತಿ ಸುಡ್ತವು. ಅದರಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರ್ತು, ಪ್ರಾಣಿಯ ಎಲುಗು-ಚರ್ಮಂದ ಮಾಡುದು. ನಮ್ಮೋರು ಪುಳ್ಳಿಯಕ್ಕೊಗೆ ಕೊಡ್ಸುವಗ ಪೆಟ್ಟಿಗೆ ಓದಿ ನೋಡಿ, ಅದಿಲ್ಲದ್ದುದೇ ಸಿಕ್ಕುತ್ತು. ಆನು ಊರಿಂದ ಹಲಸಿನಕಾಯಿ ಹಪ್ಪಳ ಕೊಂಡೋಗಿತ್ತಿದ್ದೆ. ಕೆಂಡಲ್ಲಿ ಸುಟ್ಟು, ಕಾಯಿಚೂರಿನೊಟ್ಟಿಂಗೆ ಕೊಟ್ಟೆ. ಪರಿಮ್ಮಳಕ್ಕೆ ಆಚಿಕೆ ಜಾಲಿನ ಎರಡು ಮಕ್ಕೊ ಬಂದವು, ಅವರ ಅಬ್ಬೆದೇ ಬಂತು. ಹತ್ತು ಗಂಟೆ ಆದ ಮತ್ತೆ ದೊಡ್ಡಕೆ ಮಾತಾಡ್ಲಿಲ್ಲೆ, ಅದು ಅಲ್ಲಿಯ ಕ್ರಮ. ಅಷ್ಟಪ್ಪಗ ಇಡೀ ಕಾಡು ಜಪ್ಪ ಆವ್ತು.

ಕಡೇಣ ಇರುಳು ಎಲ್ಲೋರೂ ಒರಗಿದವು. ಎಂಗೊ ಇಬ್ರೇ ಕಿಚ್ಚಿನ ಹತ್ರೆ. ಇವು ಸುಮಾರು ಹೊತ್ತು ಕೆಂಡ ಕೆದಕ್ಕಿಗೊಂಡು ಕೂದಿಕ್ಕಿ ಹೇಳಿದವು, “ಅಬ್ಬೆಯ ಕೋಣೆಲಿ ಎಂಟು ವರ್ಷ ಒಂದು ದಿನ ವಾಸನೆ ಬಯಿಂದಿಲ್ಲೆ. ಅದು ಹೇಂಗೆ ಹೇಳಿ ಆನು ಗ್ರೇಶಿದ್ದೇ ಇಲ್ಲೆ.”

ನಿಂಗೊಗೆ ಗೊಂತಿದ್ದು ಹೇಂಗೆ ಹೇಳಿ. ಅತ್ತೆಗೆ ದಿನಕ್ಕೆ ನಾಲ್ಕೈದು ಸರ್ತಿ ಬೆಡ್‌ಪ್ಯಾನ್ ಮಡುಗಿ ತೆಗದ್ದು, ವಸ್ತ್ರ ಒಗದ್ದು, ನೆಲ ಉದ್ದಿದ್ದು ಆನು. ಹಿಂದಾಣ ಬಾಗಿಲಿಲಿ ಕೊಂಡೋಗಿ ತೊಳದು, ಹಿಂದಾಣ ಬಾಗಿಲಿಲಿಯೇ ತಂದು ಮಡುಗಿದ್ದು. ದೊಡ್ಡ ಮನೆಲಿ ಹಿಂದಾಣ ಬಾಗಿಲಿನ ಕೆಲಸ ಜೆಗಿಲಿಗೆ ಕಾಣ್ತಿಲ್ಲೆ. ಇವು ಅಬ್ಬೆಯ ಹತ್ರೆ ನಿತ್ಯ ಹೊತ್ತೋಪಗ ಹೋಗಿ ಕೂದು ಮಾತಾಡುಗು, ಮದ್ದು ತಕ್ಕು, ಡಾಕ್ಟ್ರಿನ ಕರಕ್ಕೊಂಡು ಬಕ್ಕು. ಪ್ರೀತಿಗೆ ಕಮ್ಮಿ ಇತ್ತಿಲ್ಲೆ. ಆದರೆ ಇವು ಹೋಪಗ ಕೋಣೆ ಏವಗಳೂ ತೊಳದು ಆಗಿರ್ತಿತ್ತು.

ಆನು ಅಷ್ಟನ್ನೂ ಹೇಳಿದ್ದಿಲ್ಲೆ. “ಹೇಂಗೆ ಹೇಳಿರೆ, ತೊಳದು” ಹೇಳಿದೆ. “ಅಪ್ಪು” ಹೇಳಿದವು. ಎಂಟು ವರ್ಷಕ್ಕೆ ಅಷ್ಟು ಮಾತು ಸಾಕಾ ಕೇಳಿರೆ, ಸಾಲ. ಆದರೆ ಕೇಳದ್ದೆ ಬಂದ ಮಾತು ಅದು, ಆನು ಮಡಿಕ್ಕೊಂಡಿದೆ.

ಮರದಿನ ಡಂಪ್ ಸ್ಟೇಷನಿಲಿ ಅಳಿಯ ಗ್ಲೌಸಿಂಗೆ ಕೈ ಹಾಕುವಗ ಇವು “ಆನು ಮಾಡ್ತೆ, ನೀನು ಹೇಳು” ಹೇಳಿದವು. ಅಳಿಯಂಗೆ ಸಂಕೋಚ ಆತು, “ಬೇಡ ಮಾವ, ನಿಂಗೊ ಕೂದುಗೊಳ್ಳಿ” ಹೇಳಿದ. ಇವು ಕೇಳಿದ್ದವಿಲ್ಲೆ. ಮದಾಲು ಬ್ಲ್ಯಾಕ್, ಮತ್ತೆ ಗ್ರೇ. ಪೈಪಿನ ಎತ್ತಿ ಎತ್ತಿ ನೀರು ಇಳುಸಿ, ತೊಳದು, ಮುಚ್ಚಿ, ಗ್ಲೌಸು ತೆಗದು, ಸಾಬೂನು ಹಾಕಿ ಎರಡೆರಡು ಸರ್ತಿ ಕೈ ತೊಳದವು. ಮನೆಗೆ ಬಂದು ತಲೆಗೆ ಮಿಂದವು, ಅದು ಬೇರೆ.

ಊರಿಂಗೆ ಬಂದ ಮತ್ತೆ ಎಲ್ಲ ಬದಲಿತ್ತು ಹೇಳಿ ಆನು ಹೇಳ್ತಿಲ್ಲೆ. ಈಗಲೂ ಚಾಯ ಜೆಗಿಲಿಗೇ ಹೋಯೆಕ್ಕು. ಆದರೆ ಬಚ್ಚಲು, ಪಾಯಿಖಾನೆ ತೊಳವದು ಈಗ ಇವರ ಕೆಲಸ, ಶೆನಿವಾರ ಉದಿಯಪ್ಪಗ. ಕಳುದ ವರ್ಷ ಗುಂಡಿ ತೆಗವಲೆ ಆಳುಗಳ ದಿನಿಗೇಳೆಕ್ಕು ಹೇಳಿ ಆದಪ್ಪಗ ಬೇಡ ಹೇಳಿ, ಪೇಟೆಂದ ಮಿಶನಿನ ಲಾರಿ ಬಪ್ಪಲೆ ಮಾಡಿದವು, ಮನುಷ್ಯ ಇಳಿವಲಾಗ ಹೇಳಿ. ಲಾರಿಯೊಟ್ಟಿಂಗೆ ಬಂದ ಇಬ್ರಿಂಗೆ ಜೆಗಿಲಿಲಿ ಕೂರ್ಸಿ ಚಾಯ ಕೊಟ್ಟೆಯೊ. ಅವರ ಹೆಸರು ಕೇಳಿದವು ಇವು.

ಹೋಪೋರಿಂಗೆ ನಾಲ್ಕು ಮಾತು: ಬೇಗ ಒಣಗುವ ತೆಳು ತೋರ್ತು ಕೊಂಡೋಗಿ, ದಪ್ಪದ ಟವೆಲು ಆ ಚಳಿಗೆ ಒಣಗ. ಸ್ವೆಟರು, ಕಾಲುಚೀಲ, ತಲೆಗೆ ವಸ್ತ್ರ ಬೇಕು. ಊರಿನ ಮಿಕ್ಸಿ ಕೊಂಡೋಗೆಡಿ, ಅಲ್ಲಿ ಕರೆಂಟು ನೂರಿಪ್ಪತ್ತು ವೋಲ್ಟು, ತಿರುಗ. ಉಂಡು ಒಳುದ್ದರ ಹೆರ ಮೇಜಿಲಿ ಬಿಡೆಡಿ, ರಕೂನ್ ಹೇಳುವ ಪ್ರಾಣಿ ಇರುಳು ಬಂದು ಡಬ್ಬಿಯ ಮುಚ್ಚಲು ತೆಗೆತ್ತು, ಹಗಲು ನೀಲಿ ಹಕ್ಕಿಗೊ ಬಟ್ಲಿಂದಲೇ ಕೊಂಡೋವ್ತವು. ಹಪ್ಪಳ ಮಾಂತ್ರ ಬೇಕಾದಷ್ಟು ಕೊಂಡೋಗಿ.

ಮತ್ತೆ, ಹೋಗದ್ರೂ ಅಡ್ಡಿಲ್ಲೆ, ಇಂದು ಇರುಳು ಉಂಬಗ ಮನೆಯ ಗೆಂಡುಮಕ್ಕಳತ್ರೆ ಒಂದು ಮಾತು ಕೇಳಿ ನೋಡಿ: ನಮ್ಮ ಮನೆಲಿ ದಿನಕ್ಕೆ ಎಷ್ಟು ಕೊಳೆನೀರು ಆವ್ತು, ಅದು ಎಲ್ಲಿಗೆ ಹೋವ್ತು? ಸರಿ ಉತ್ತರ ಆರ ಮನೆಲಿ ಬಂತು ಹೇಳಿ ಎನಗೆ ತಿಳಿಶಿ.